ಬಾಡುವ ಸರಕು, ಬಾಳುವ ಸರಕು: ಸುಗಂಧ ವ್ಯಾಪಾರದ ಋತುಮಾನ



ಈ ಕಾಲೇಜಿನ ದತ್ತಿ ಉಪನ್ಯಾಸಕ್ಕೆ ನನ್ನನ್ನು ಕರೆದು, ವಿಷಯದ ಆಯ್ಕೆಯನ್ನೂ ನನಗೇ ಬಿಟ್ಟುಕೊಟ್ಟಿದ್ದೀರಿ. ನಾನು ಆರಿಸಿಕೊಂಡಿರುವುದು ಅಲಂಕಾರ ಮತ್ತು ಸುಗಂಧ ವಸ್ತುಗಳ ವ್ಯಾಪಾರದ ಏರಿಳಿತವನ್ನು. ಹೂವು, ಊದುಬತ್ತಿ, ಅತ್ತರು, ಪೌಡರು, ಸಾಬೂನು ಇವುಗಳಿಗೆ ವರ್ಷದ ಕೆಲವು ವಾರಗಳಲ್ಲಿ ಎಲ್ಲಿಲ್ಲದ ಗಿರಾಕಿ. ಇನ್ನು ಕೆಲವು ತಿಂಗಳು ಅಂಗಡಿಯವರು ನೊಣ ಹೊಡೆಯುತ್ತ ಕೂರಬೇಕು. ಹೀಗೇಕೆ, ಇದರಿಂದ ಗಳಿಸುವವರು ಯಾರು, ಕಳೆದುಕೊಳ್ಳುವವರು ಯಾರು ಎಂಬುದು ಇವತ್ತಿನ ನನ್ನ ಪ್ರಶ್ನೆ.

ವ್ಯಾಪ್ತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಪ್ಯಾರಿಸ್ಸು, ನ್ಯೂಯಾರ್ಕುಗಳ ಸೆಂಟಿನ ಮಾರುಕಟ್ಟೆ ನನ್ನ ವಿಷಯವಲ್ಲ. ಅಲ್ಲಿ ಕ್ರಿಸ್‌ಮಸ್ಸಿಗೆ ಮುಂಚಿನ ತಿಂಗಳುಗಳೇ ಸುಗ್ಗಿ, ಅದು ಉಡುಗೊರೆಯ ಸುಗ್ಗಿ. ಅಷ್ಟು ಹೇಳಿದರೆ ಅಲ್ಲಿನ ಕಥೆಯ ಬಹುಭಾಗ ಹೇಳಿದಂತಾಯಿತು. ನಮ್ಮ ಕಥೆ ಅಷ್ಟು ಸರಳವಲ್ಲ. ನಮ್ಮಲ್ಲಿ ಪಂಚಾಂಗ ಒಂದು ಕಡೆ, ಬಿಸಿಲು ಮಳೆ ಇನ್ನೊಂದು ಕಡೆ, ಗಿಡ ಹೂ ಬಿಡುವ ಕಾಲ ಮತ್ತೊಂದು ಕಡೆ ವ್ಯಾಪಾರವನ್ನು ಎಳೆಯುತ್ತವೆ. ಇತ್ತೀಚೆಗೆ ಮೊಬೈಲಿನಲ್ಲಿ ಬರುವ ರಿಯಾಯಿತಿ ಮಾರಾಟವೂ ಇದಕ್ಕೆ ಸೇರಿಕೊಂಡಿದೆ. ಈ ನಾಲ್ಕನ್ನೂ ನೋಡೋಣ. ಆದರೆ ನಾಲ್ಕಕ್ಕೂ ಒಂದೇ ಅಳತೆಯ ಸಮಯ ಕೊಡುವುದಿಲ್ಲ. ಪಂಚಾಂಗದ ಬಗ್ಗೆ, ಹೂವು ಮತ್ತು ಊದುಬತ್ತಿಯ ಬಗ್ಗೆ ಹೆಚ್ಚು ಮಾತಾಡುತ್ತೇನೆ. ಏಕೆಂದರೆ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಅಲ್ಲಿದೆ. ಋತುಮಾನದ ಲಾಭ ಹೆಚ್ಚಾಗಿ ಸರಕನ್ನು ಕಾಪಿಟ್ಟುಕೊಳ್ಳಬಲ್ಲವರ ಪಾಲಾಗುತ್ತದೆ. ಕಾಪಿಟ್ಟುಕೊಳ್ಳಲಾಗದವರ ತಲೆಗೆ ಅದರ ನಷ್ಟ ಬರುತ್ತದೆ.

ಪಂಚಾಂಗದಿಂದ ಶುರು ಮಾಡೋಣ.

ಹಳೇ ಮೈಸೂರು ಸೀಮೆಯ ಯಾವುದೇ ಪೇಟೆಬೀದಿಯ ಗ್ರಂಥಿಗೆ ಅಂಗಡಿಗೆ ಶ್ರಾವಣದ ಕೊನೆಯ ವಾರ ಹೋಗಿ ನೋಡಿ. ಗೌರಿ ಹಬ್ಬದ ಬಾಗಿನದ ಸಾಮಾನನ್ನು ಹೊರಗೇ ಹರಡಿರುತ್ತಾರೆ. ಬಿದಿರಿನ ಜೋಡಿ ಮೊರ, ಅರಿಶಿನ ಕುಂಕುಮದ ಪೊಟ್ಟಣ, ಕಾಡಿಗೆ ಡಬ್ಬಿ, ಬಾಚಣಿಗೆ, ಕನ್ನಡಿ, ಬಳೆ, ಕರಿಮಣಿ, ಬಿಚ್ಚೋಲೆ. ಈಗ ಇವನ್ನೆಲ್ಲ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಜೋಡಿಸಿ ಮಾರುತ್ತಾರೆ. ಅದರೊಳಗಿನ ಕನ್ನಡಿ ಹೆಬ್ಬೆರಳಿನಷ್ಟಗಲ, ಬಾಚಣಿಗೆ ಕಿರುಬೆರಳಿನಷ್ಟುದ್ದ. ಅದರಲ್ಲಿ ಯಾರೂ ಮುಖ ನೋಡಿಕೊಳ್ಳುವುದಿಲ್ಲ, ತಲೆ ಬಾಚಿಕೊಳ್ಳುವುದಿಲ್ಲ. ಆದರೂ ಮೊರದಲ್ಲಿ ಅದು ಇರಲೇಬೇಕು. ದೊಡ್ಡ ಕಂಪನಿಗಳು ಹಬ್ಬದ ಗಿಫ್ಟ್ ಪ್ಯಾಕ್ ಎಂದು ಕ್ರೀಮು, ಲಿಪ್‌ಸ್ಟಿಕ್‌, ಸೆಂಟುಗಳನ್ನು ಪೆಟ್ಟಿಗೆಯಲ್ಲಿಟ್ಟು ಮಾರುವುದಕ್ಕೆ ಎಷ್ಟೋ ಮೊದಲೇ ನಮ್ಮ ಹೆಂಗಸರು ಅಲಂಕಾರದ ಸಾಮಾನನ್ನು ಒಟ್ಟುಗೂಡಿಸಿ, ವರ್ಷಕ್ಕೊಮ್ಮೆ, ನಿಗದಿಯಾದ ದಿನ, ಕೈಯಿಂದ ಕೈಗೆ ಕೊಟ್ಟು ತೆಗೆದುಕೊಳ್ಳುವ ಪದ್ಧತಿಯನ್ನು ನಡೆಸಿಕೊಂಡು ಬಂದಿದ್ದರು. ಈ ವ್ಯಾಪಾರದ ಋತುಮಾನವನ್ನು ಕಂಪನಿಗಳು ಹುಟ್ಟಿಸಲಿಲ್ಲ. ಮೊದಲೇ ಇದ್ದ ಋತುಮಾನದೊಳಕ್ಕೆ ಅವು ಬಂದು ಸೇರಿಕೊಂಡವು. ಯುಗಾದಿ ಮತ್ತು ನರಕ ಚತುರ್ದಶಿಯ ಎಣ್ಣೆಸ್ನಾನಗಳಿಂದ ಹರಳೆಣ್ಣೆಗೂ ಸೀಗೆಪುಡಿಗೂ ಬರುವ ಬೇಡಿಕೆಯೂ ಈ ಬಗೆಯದೇ.

ಪಂಚಾಂಗದಲ್ಲಿ ಏರುಗಳಿರುವಂತೆ ಇಳಿವುಗಳೂ ಇವೆ. ಆಷಾಢದಲ್ಲಿ ಮದುವೆಯಿಲ್ಲ. ಪಿತೃಪಕ್ಷದ ಹದಿನೈದು ದಿನ ಹೊಸದೇನನ್ನೂ ಕೊಳ್ಳುವುದಿಲ್ಲ. ಧನುರ್ಮಾಸದಲ್ಲೂ ಮದುವೆಯಿಲ್ಲ. ಹಾಗೆಂದು ಈ ಕಾಲಗಳಲ್ಲಿ ಎಲ್ಲ ಸರಕಿಗೂ ಬೇಡಿಕೆ ಬೀಳುತ್ತದೆ ಎಂದು ತಿಳಿಯಬಾರದು. ಆಷಾಢ ಶುಕ್ರವಾರಗಳಂದು ಚಾಮುಂಡಿ ಬೆಟ್ಟಕ್ಕೆ ಹೋಗುವ ಹೂವಿನ ರಾಶಿಯನ್ನು ಕಂಡವರಿಗೆ ಇದು ಗೊತ್ತು. ಧನುರ್ಮಾಸದ ಬೆಳಗಿನ ಜಾವದ ಪೂಜೆಗೆ ಊದುಬತ್ತಿ, ಕರ್ಪೂರ, ತುಳಸಿಮಾಲೆ ಬೇಕೇ ಬೇಕು. ಒಂದೇ ತಿಂಗಳು ಮದುವೆಯ ಅಲಂಕಾರದವರಿಗೆ ಬಿಡುವಿನ ಕಾಲವಾದರೆ ಪೂಜಾಸಾಮಗ್ರಿಯವರಿಗೆ ದುಡಿಮೆಯ ಕಾಲ.

ಇಲ್ಲಿ ವಿದ್ಯಾರ್ಥಿಗಳು ಗಮನವಿಟ್ಟು ಕೇಳಬೇಕಾದ ಒಂದು ಅಂಶವಿದೆ. ನಮ್ಮ ಚಾಂದ್ರಮಾನ ವರ್ಷ ಸೌರ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಆ ಅಂತರ ತುಂಬಲು ಮೂರು ವರ್ಷದೊಳಗೆ ಒಂದು ಅಧಿಕ ಮಾಸ ಬರುತ್ತದೆ. ಅಧಿಕ ಮಾಸದಲ್ಲಿ ಮದುವೆ, ಗೃಹಪ್ರವೇಶ ನಡೆಸುವುದಿಲ್ಲ. 2023ರಲ್ಲಿ ಬಂದದ್ದು ಅಧಿಕ ಶ್ರಾವಣ. ಆಷಾಢ ಮುಗಿದ ಮರುದಿನ, ಅಂದರೆ ಜುಲೈ 18ರಂದು ಶುರುವಾಗಿ ಆಗಸ್ಟ್ 16ರವರೆಗೆ ಇತ್ತು. ಆಷಾಢ ಮತ್ತು ಅಧಿಕ ಮಾಸ ಎರಡೂ ಕೂಡಿ ಸುಮಾರು ಎರಡು ತಿಂಗಳು ಕಲ್ಯಾಣ ಮಂಟಪಗಳು ಖಾಲಿ. ಆ ವರ್ಷದ ಆಗಸ್ಟ್ ಮೊದಲ ವಾರದ ಮಾರಾಟವನ್ನು ಹಿಂದಿನ ವರ್ಷದ ಅದೇ ವಾರದೊಡನೆ ಹೋಲಿಸಿ ಬೇಡಿಕೆ ಕುಸಿದಿದೆ ಎಂದು ವರದಿ ಬರೆದರೆ ಲೆಕ್ಕ ಸರಿಯಿದ್ದರೂ ತೀರ್ಮಾನ ತಪ್ಪಾಗುತ್ತದೆ. 2020ರಲ್ಲಿ ಅಧಿಕ ಆಶ್ವಯುಜ ಬಂದು ಮಹಾಲಯ ಅಮಾವಾಸ್ಯೆಗೂ ನವರಾತ್ರಿಗೂ ನಡುವೆ ಇಡೀ ಒಂದು ತಿಂಗಳ ಅಂತರ ಬಿದ್ದಿತ್ತು. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಮದುವೆಯ ಲಗ್ನಗಳು ಒತ್ತಾಗಿ ಬೀಳುವ ಕಾಲದಲ್ಲೇ ಒಂದು ತಿಂಗಳು ಖಾಲಿ. 2025ರಲ್ಲಿ ಆಗಸ್ಟ್ 27ಕ್ಕೆ ಬಂದ ಗಣೇಶ ಚತುರ್ಥಿ 2026ರಲ್ಲಿ ಸೆಪ್ಟೆಂಬರ್ 14ಕ್ಕೆ. ಒಂದು ತಿಂಗಳನ್ನು ಹಿಂದಿನ ವರ್ಷದ ಅದೇ ತಿಂಗಳಿನೊಂದಿಗೆ ತೂಗುವ ಕೋಷ್ಟಕಗಳ ಪಕ್ಕದಲ್ಲಿ ಒಂದು ಒಂಟಿಕೊಪ್ಪಲ್ ಪಂಚಾಂಗ ಇರಲೇಬೇಕು ಎಂದು ನಾನು ಸದಾ ಹೇಳುತ್ತ ಬಂದಿದ್ದೇನೆ. ವಾಣಿಜ್ಯ ವಿಭಾಗಗಳು ಇದನ್ನು ಪಾಠವಾಗಿಯೇ ಕಲಿಸಬೇಕು.

ಹಿಜರಿ ವರ್ಷದ ನಡೆ ಬೇರೆ. ಅದರಲ್ಲಿ ಅಧಿಕ ಮಾಸವಿಲ್ಲ. ಆದ್ದರಿಂದ ರಂಜಾನ್ ಪ್ರತಿವರ್ಷ ಸುಮಾರು 11 ದಿನ ಮುಂಚೆ ಬರುತ್ತ, 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. 2016ರಲ್ಲಿ ಈದ್ ಜುಲೈ ಮೊದಲ ವಾರದಲ್ಲಿತ್ತು. 2025ರ ಹೊತ್ತಿಗೆ ಮಾರ್ಚ್ ಕೊನೆಗೆ ಬಂತು. 2030ರಲ್ಲಿ ರಂಜಾನ್ ಮಾಸ ಜನವರಿಯಲ್ಲೊಮ್ಮೆ, ಡಿಸೆಂಬರ್ ಕೊನೆಯಲ್ಲೊಮ್ಮೆ, ಹೀಗೆ ಎರಡು ಸಲ ಶುರುವಾಗುತ್ತದೆ. ಬೆಂಗಳೂರಿನ ಶಿವಾಜಿನಗರದ ಅತ್ತರಿನ ಅಂಗಡಿಗಳಿಗೆ ಇದು ಬರೀ ತಾರೀಖಿನ ಬದಲಾವಣೆಯಲ್ಲ. ಅತ್ತರಿನಲ್ಲಿ ಮದ್ಯಸಾರವಿಲ್ಲದ ಕಾರಣ ನಮಾಜಿಗೆ ಹೋಗುವವರು ಅದನ್ನೇ ಬಯಸುತ್ತಾರೆ. ಈದ್‌ಗೆ ಮುಂಚಿನ ಹತ್ತು ದಿನ ಅಲ್ಲಿ ನಿಲ್ಲಲು ಜಾಗವಿರುವುದಿಲ್ಲ. ಅಂಗಡಿಯವರು ಸೀಸೆಯ ಮುಚ್ಚಳದ ಕಡ್ಡಿಯನ್ನು ಗಿರಾಕಿಯ ಮುಂಗೈಗೆ ಸವರಿ, ಆರಲು ಬಿಟ್ಟು, ಆಮೇಲೆ ಮೂಸಿ ನೋಡಿ ಎನ್ನುತ್ತಾರೆ. ಸೆಕೆಯಲ್ಲಿ ಜನ ಕೇಳುವುದು ಖಸ್, ಗುಲಾಬಿ. ಚಳಿಯಲ್ಲಿ ಕೇಳುವುದು ಹಿನಾ, ಶಮಾಮಾ, ಊದ್. ಬಿಸಿ ಮೈಯಿಂದ ಹಗುರ ಪರಿಮಳ ಬೇಗ ಹಾರಿಹೋಗುತ್ತದೆ ನಿಜ, ಆದರೆ ಆ ಬಿಸಿಯಲ್ಲಿ ಭಾರದ ಪರಿಮಳ ಉಸಿರುಗಟ್ಟಿಸುತ್ತದೆ. ಹಬ್ಬ ಚಳಿಗಾಲದತ್ತ ಸರಿದಂತೆಲ್ಲ ಅಂಗಡಿಯವರು ಕೊಂಡಿಡುವ ಮಾಲೂ ಬದಲಾಗಬೇಕು. ಈ ಲೆಕ್ಕವನ್ನು ತಲೆಯಲ್ಲೇ ಇಟ್ಟುಕೊಂಡಿರುವ ಹಳೆಯ ವ್ಯಾಪಾರಿಗಳ ತಿಳಿವಳಿಕೆಯ ಮೇಲೆ ನನಗೆ ಬಹಳ ಗೌರವವಿದೆ.

ಇನ್ನು ಎರಡನೆಯ ವಿಷಯ, ಹವಾಮಾನ. ಇದನ್ನು ಸಂಕ್ಷೇಪವಾಗಿ ಮುಗಿಸುತ್ತೇನೆ.

ಬೇಸಿಗೆಗೆ ಟಾಲ್ಕಂ ಪೌಡರು, ಬೆವರುಸಾಲೆಗೆ ಹಚ್ಚುವ ಪೌಡರು, ತಂಪೆಣ್ಣೆ. ಚಳಿಗಾಲಕ್ಕೆ ವ್ಯಾಸಲೀನು, ಕೋಲ್ಡ್ ಕ್ರೀಮು. ಕರಾವಳಿಗೆ ಚಳಿಗಾಲದ ಕ್ರೀಮು ಅಷ್ಟಾಗಿ ಬೇಡ. ಕಲಬುರಗಿ, ವಿಜಯಪುರದ ಒಣಹವೆಯಲ್ಲಿ ತುಟಿ ಹಿಮ್ಮಡಿ ಒಡೆಯುವಾಗ ಅದು ಸೊಗಸಿನ ವಸ್ತುವಲ್ಲ, ಔಷಧಿ. ಪಂಚಾಂಗದ ಹಬ್ಬ ಯಾವ ದಿನವೆಂದು ಹತ್ತು ವರ್ಷ ಮೊದಲೇ ಹೇಳಬಹುದು. ಮಳೆಯನ್ನು ಹಾಗೆ ಹೇಳಲಾಗದು. 2025ರಲ್ಲಿ ಮುಂಗಾರು ಮೇ 24ರಂದೇ ಕೇರಳಕ್ಕೆ ಕಾಲಿಟ್ಟಿತು, ವಾಡಿಕೆಗಿಂತ ಒಂದು ವಾರ ಮುಂಚೆ. ಅದಕ್ಕೂ ಮೊದಲೇ ಅಕಾಲ ಮಳೆ ಸುರಿದು ಬೇಸಿಗೆಯ ಕಾವು ತಗ್ಗಿತ್ತು. ಪೌಡರಿನ ಮಾರಾಟ ಬಿದ್ದುಹೋಯಿತೆಂದು ಎಮಾಮಿಯಂಥ ಕಂಪನಿಗಳು ತಮ್ಮ ತ್ರೈಮಾಸಿಕ ವರದಿಯಲ್ಲೇ ಹೇಳಿಕೊಂಡವು.

ಆ ವರದಿಗಳನ್ನು ಓದುವಾಗ ಒಂದು ಎಚ್ಚರ ಬೇಕು. ಕಂಪನಿ ಮಾರಾಟವೆಂದು ಬರೆದುಕೊಳ್ಳುವುದು ಸರಕು ಡಿಸ್ಟ್ರಿಬ್ಯೂಟರ್ ಗೋದಾಮಿಗೆ ಹೋದ ದಿನ. ಕೋಲ್ಡ್ ಕ್ರೀಮು ಗೋದಾಮಿಗೆ ಇಳಿಯುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಅಂಗಡಿಯಿಂದ ಮನೆಗೆ ಹೋಗುವುದು ಡಿಸೆಂಬರಿನಲ್ಲಿ. ಚಳಿ ಬೀಳದಿದ್ದರೆ ಆ ಸರಕು ಯಾರ ಹಣ ಹಿಡಿದು ಕೂತಿರುತ್ತದೆ? ಕಂಪನಿಯದಲ್ಲ. ಸ್ಕೀಮಿನ ಆಸೆಗೋ ಟಾರ್ಗೆಟ್ಟಿನ ಒತ್ತಾಯಕ್ಕೋ ಹೆಚ್ಚು ಕೇಸು ಎತ್ತಿಕೊಂಡ ಡಿಸ್ಟ್ರಿಬ್ಯೂಟರದು, ಅಂಗಡಿಯವರದು. ಋತುಮಾನದ ಅಪಾಯ ಹೀಗೆ ಕೈಯಿಂದ ಕೈಗೆ ದಾಟುತ್ತ ಕೆಳಗಿಳಿಯುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದಿನ ವಿಷಯದಲ್ಲಿ ಇನ್ನೂ ಕೆಳಕ್ಕೆ ಹೋಗುತ್ತೇವೆ.

ಮೂರನೆಯದು ಹೂವು ಮತ್ತು ಊದುಬತ್ತಿ. ಇದೇ ನನ್ನ ಉಪನ್ಯಾಸದ ನಡುಭಾಗ.

ಉಡುಪಿಯ ಹತ್ತಿರದ ಶಂಕರಪುರ ಮತ್ತು ಅದರ ಸುತ್ತಲಿನ ಹಳ್ಳಿಗಳಲ್ಲಿ ಬೆಳೆಯುವ ಮಲ್ಲಿಗೆಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಮೈಸೂರು ಮಲ್ಲಿಗೆಗೂ ಹಡಗಲಿ ಮಲ್ಲಿಗೆಗೂ ಅದೇ ಮಾನ್ಯತೆ ಸಿಕ್ಕಿದೆ. ಶಂಕರಪುರದ ಲೆಕ್ಕ ವಿಶಿಷ್ಟವಾದದ್ದು. ಅಲ್ಲಿ ಹೂವನ್ನು ತೂಗುವುದಿಲ್ಲ, ಮೊಳದಲ್ಲೂ ಅಳೆಯುವುದಿಲ್ಲ. ಸುಮಾರು 800 ಮೊಗ್ಗು ಕಟ್ಟಿದರೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ನಸುಕಿನಲ್ಲಿ ಮನೆಮಂದಿಯೆಲ್ಲ ಮೊಗ್ಗು ಬಿಡಿಸುತ್ತಾರೆ. ಹೆಂಗಸರು ಬಾಳೆನಾರಿನಲ್ಲಿ ಕಟ್ಟುತ್ತಾರೆ. ಹೊತ್ತೇರುವಷ್ಟರಲ್ಲಿ ಹೂವು ಕಟ್ಟೆಗೆ ತಲುಪಬೇಕು. ಆ ದಿನದ ದರ ಅಲ್ಲಿ ತೀರ್ಮಾನವಾಗುತ್ತದೆ. ಅಲ್ಲಿಂದ ಮಂಗಳೂರಿಗೆ, ಮುಂಬಯಿಗೆ. ಮುಂಬಯಿಯ ತುಳು, ಕೊಂಕಣಿ, ಕನ್ನಡ ಮನೆಗಳ ಮದುವೆಗೆ ಈ ಹೂವೇ ಆಗಬೇಕು.

ಅಟ್ಟೆಯ ದರ ಕೆಲವು ನೂರು ರೂಪಾಯಿಯಿಂದ ಹಿಡಿದು ಎರಡು ಸಾವಿರ ದಾಟುವವರೆಗೂ ಏರಿಳಿಯುತ್ತದೆ. ಕಾರಣಗಳು ಹಲವು. ದೈವಾರಾಧನೆಯ ಕೋಲ, ನೇಮಗಳು ಮೇ ಕೊನೆಯ ಪತ್ತನಾಜೆಗೆ ಮುಗಿಯುತ್ತವೆ. ಅದರೊಂದಿಗೆ ದೈವಸ್ಥಾನಗಳ ಬೇಡಿಕೆಯೂ ಇಳಿಯುತ್ತದೆ. ತುಳುವರ ಆಟಿ ತಿಂಗಳಲ್ಲಿ ಶುಭಕಾರ್ಯಗಳಿಲ್ಲ. ನಾಗರಪಂಚಮಿಗೆ ಮತ್ತೆ ಒಮ್ಮೆಲೇ ಬೇಡಿಕೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಕ್ರೈಸ್ತರ ಮನೆಗಳಲ್ಲಿ ಹೂವು ಬೇಕು. ಈಸ್ಟರಿಗೆ ಮುಂಚಿನ ತಪಸ್ಸಿನ ಕಾಲದಲ್ಲಿ ಅವರಲ್ಲಿ ಮದುವೆಗಳಿಲ್ಲ, ಅದು ಮುಗಿದ ಮೇಲೆ ಸಾಲುಸಾಲು. ಒಂದು ಅಟ್ಟೆ ಮಲ್ಲಿಗೆಯ ದರದಲ್ಲಿ ಕರಾವಳಿಯ ಎಲ್ಲ ಧರ್ಮಗಳ ಹಬ್ಬಪಟ್ಟಿಯೂ ಅಡಗಿದೆ. ಅದನ್ನು ನೋಡಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಆದರೆ ಬೆಳೆಗಾರರ ಕಷ್ಟ ಇರುವುದು ಇಲ್ಲೇ. ಬೇಸಿಗೆಯಲ್ಲಿ ಗಿಡ ಧಾರಾಳವಾಗಿ ಬಿಡುತ್ತದೆ. ಭಾರಿ ಮಳೆಯಲ್ಲಿ ಮೊಗ್ಗು ಉದುರುತ್ತದೆ, ಚಳಿಯಲ್ಲಿ ಇಳುವರಿ ಇಳಿಯುತ್ತದೆ. ದರ ಎರಡು ಸಾವಿರ ಮುಟ್ಟಿದ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ಬೆಳೆಗಾರರ ಬುಟ್ಟಿಯಲ್ಲಿ ಹೂವೇ ಇಲ್ಲದಿರಬಹುದು. ಬುಟ್ಟಿ ತುಂಬಿ ತುಳುಕಿದ ದಿನ ದರ ಇರುವುದಿಲ್ಲ. ಸಂಜೆಗೆ ಅರಳಿ ಮರುದಿನಕ್ಕೆ ಬಾಡುವ ಹೂವನ್ನು ದರ ಏರಲಿ ಎಂದು ಹಿಡಿದಿಟ್ಟುಕೊಳ್ಳುವ ಮಾತೇ ಇಲ್ಲ. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಲ್ಲಿ ಆಯುಧಪೂಜೆಯ ಹಿಂದಿನ ದಿನ ಚೆಂಡುಹೂವಿಗೆ ಇರುವ ಬೆಲೆಯನ್ನೂ ವಿಜಯದಶಮಿಯ ಮರುದಿನ ಅದೇ ಹೂವು ರಾಶಿರಾಶಿಯಾಗಿ ಬೀದಿಬದಿಯಲ್ಲಿ ಬಿದ್ದಿರುವುದನ್ನೂ ನೋಡಿದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

2020ರ ಮಾರ್ಚ್ 25 ಯುಗಾದಿ. ದೇಶಾದ್ಯಂತ ಲಾಕ್‌ಡೌನ್‌ ಜಾರಿಗೆ ಬಂದ ಮೊದಲ ದಿನವೂ ಅದೇ. ಯುಗಾದಿ, ಜಾತ್ರೆ, ವೈಶಾಖದ ಮದುವೆ ಎಂದು ಲೆಕ್ಕ ಹಾಕಿ ಬೆಳೆಸಿದ ಹೂವು ಗಿಡದಲ್ಲೇ ಒಣಗಿತು. ಎಷ್ಟೋ ರೈತರು ಹೂವಿನ ಹೊಲವನ್ನು ತಾವೇ ಉತ್ತುಹಾಕಿದರು. ಅದೇ ದಿನ ಗೋದಾಮಿನಲ್ಲಿದ್ದ ಸೆಂಟು, ಕ್ರೀಮುಗಳಿಗೆ ಏನೂ ಆಗಲಿಲ್ಲ. ಕೆಲವು ತಿಂಗಳು ತಡವಾಗಿ ಮಾರಾಟವಾದವು, ಅಷ್ಟೆ. ಒಂದೇ ಆಘಾತ ಒಬ್ಬರಿಗೆ ತಡವಾಗಿ ಮಾತ್ರ ಪರಿಣಮಿಸಿತು, ಇನ್ನೊಬ್ಬರಿಗೆ ಇಡೀ ವರ್ಷದ ಅನ್ನವೇ ಹೋಯಿತು.

ಹಾಗಾದರೆ ಬಾಡುವ ಹೂವನ್ನು ಬಾಳುವಂತೆ ಮಾಡುವ ದಾರಿಯಿಲ್ಲವೇ? ಇದೆ. ಅದು ನಮ್ಮ ದೇಶದ್ದೇ, ಬಹಳ ಹಳೆಯದು. ಉತ್ತರ ಪ್ರದೇಶದ ಕನೌಜ್ ಪಟ್ಟಣದಲ್ಲಿ ಇಂದಿಗೂ ಅತ್ತರನ್ನು ಭಟ್ಟಿ ಇಳಿಸುತ್ತಾರೆ. ದೊಡ್ಡ ತಾಮ್ರದ ಹಂಡೆಗೆ ಡೇಗ್ ಎಂದು ಹೆಸರು. ಅದರಲ್ಲಿ ಹೂವು, ನೀರು ತುಂಬಿ, ಮುಚ್ಚಳಕ್ಕೆ ಜೇಡಿಮಣ್ಣು ಮೆತ್ತಿ, ಕೆಳಗೆ ಬೆಂಕಿ ಹಾಕುತ್ತಾರೆ. ಹಬೆ ಬಿದಿರಿನ ಕೊಳವೆಯಲ್ಲಿ ಹರಿದು, ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟ ಭಪಕಾ ಎಂಬ ಪಾತ್ರೆ ಸೇರುತ್ತದೆ. ಭಪಕಾದಲ್ಲಿ ಗಂಧದೆಣ್ಣೆ ಮೊದಲೇ ಇರುತ್ತದೆ. ಹೂವಿನ ಪರಿಮಳವನ್ನು ಹೀರಿ ಹಿಡಿದಿಟ್ಟುಕೊಳ್ಳುವುದು ಅದೇ. ಉರಿ ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದನ್ನು ಕೆಲಸಗಾರರು ಹಂಡೆಗೆ ಕೈ ಮುಟ್ಟಿಸಿ, ಕಿವಿಗೊಟ್ಟು ಕೇಳಿ ಹೇಳುತ್ತಾರೆ. ಗುಲಾಬಿಯ ಕೆಲಸ ವಸಂತದಲ್ಲಿ, ಬೇಲಾ ಮಲ್ಲಿಗೆಯದು ಬೇಸಿಗೆಯಲ್ಲಿ. ಕೇದಗೆಯದು ಮಳೆಗಾಲದಲ್ಲಿ, ಅದೂ ಒಡಿಶಾದ ಗಂಜಾಂ ಜಿಲ್ಲೆಯಲ್ಲಿ. ಕೇದಗೆ ದೂರ ಸಾಗಿಸಿದರೆ ಕೆಡುತ್ತದೆ. ಆದ್ದರಿಂದ ಹೂವು ಭಟ್ಟಿಯ ಬಳಿಗೆ ಬರುವುದಿಲ್ಲ, ಭಟ್ಟಿಯೇ ಹೂವಿನ ಬಳಿಗೆ ಹೋಗುತ್ತದೆ. ಮಳೆಗೆ ಮುಂಚಿನ ಒಣಗಾಲದಲ್ಲಿ ಸುಟ್ಟ ಮಣ್ಣಿನಿಂದಲೂ ಒಂದು ಅತ್ತರು ತೆಗೆಯುತ್ತಾರೆ. ಮೊದಲ ಮಳೆಯ ವಾಸನೆಯ ಮೇಲೆ 1964ರಲ್ಲಿ ಪ್ರಬಂಧ ಬರೆದ ಆಸ್ಟ್ರೇಲಿಯದ ವಿಜ್ಞಾನಿಗಳಾದ ಬೇರ್ ಮತ್ತು ಥಾಮಸ್ ಈ ಕಸುಬನ್ನು ಗಮನಿಸಿದ್ದರು.

ಹೂವಿಗೆ ಒಂದೇ ದಿನದ ಆಯುಷ್ಯ, ಅತ್ತರಿಗೆ ಹಲವು ವರ್ಷದ್ದು. ಚರ್ಮದ ಕುಪ್ಪಿಯಲ್ಲಿಟ್ಟರೆ ನೀರಿನಂಶ ಆರಿ ಇನ್ನೂ ಹದವಾಗುತ್ತದೆ. ವಸಂತದ ಗುಲಾಬಿಯನ್ನು ಕಾರ್ತಿಕದಲ್ಲಿ ಮಾರಬಹುದು. ಕನೌಜಿಗೂ ನಮಗೂ ಒಂದು ನಂಟಿದೆ. ಭಪಕಾದಲ್ಲಿ ಬಳಸುತ್ತಿದ್ದ ಗಂಧದೆಣ್ಣೆಗೆ ಮೈಸೂರೇ ಹೆಸರುವಾಸಿ. ನಮ್ಮ ಕಾಡಿನ ಶ್ರೀಗಂಧ ಕ್ಷೀಣಿಸಿ ಎಣ್ಣೆಯ ಬೆಲೆ ಏರಿದಂತೆ ಕನೌಜಿನ ಹಲವು ಭಟ್ಟಿಗಳು ಗಂಧದೆಣ್ಣೆ ಬಿಟ್ಟು ಲಿಕ್ವಿಡ್ ಪ್ಯಾರಾಫಿನ್‌ ಹಿಡಿದವು. ಒಂದು ಕಾಡು ಬರಿದಾದರೆ ಸಾವಿರಾರು ಕಿಲೋಮೀಟರ್ ದೂರದ ಕಸುಬೂ ಸೊರಗುತ್ತದೆ. ಇದು ನನ್ನನ್ನು ನಿಜವಾಗಿಯೂ ನೋಯಿಸುವ ಸಂಗತಿ.

ಇನ್ನು ಊದುಬತ್ತಿಗೆ ಬರುತ್ತೇನೆ. ಮೈಸೂರು ಅಗರಬತ್ತಿಗೆ 2005ರಲ್ಲೇ ಭೌಗೋಳಿಕ ಸೂಚಕ ದೊರೆಯಿತು. ಊದುಬತ್ತಿ ಬಾಡುವುದಿಲ್ಲ, ತಿಂಗಳುಗಟ್ಟಲೆ ಇಡಬಹುದು. ಆದರೆ ಅದು ಹುಟ್ಟುವಾಗ ಹಸಿಯಾಗಿರುತ್ತದೆ. ಇದ್ದಿಲ ಪುಡಿ, ಮರದ ಪುಡಿ, ಜಿಗಟು ಸೇರಿಸಿ ಕಲಸಿದ ಹಿಟ್ಟನ್ನು ಬಿದಿರುಕಡ್ಡಿಗೆ ಹೊಸೆದ ಮೇಲೆ ಅದು ಒಣಗಬೇಕು. ಒಣಗಿದ, ಇನ್ನೂ ಪರಿಮಳವಿಲ್ಲದ ಈ ಹಸಿಬತ್ತಿಯನ್ನು ಆಮೇಲೆ ಸೆಂಟಿನಲ್ಲಿ ಅದ್ದುತ್ತಾರೆ. ಬಿಸಿಲಿದ್ದರೆ ಒಂದೇ ದಿನದಲ್ಲಿ ಒಣಗುತ್ತದೆ. ಮಳೆಗಾಲದಲ್ಲಿ ಮೈಸೂರಿನ ಒಂದು ಮನೆಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಮಲಗುವ ಕೋಣೆಯ ನೆಲದ ಮೇಲೆಲ್ಲ ಗೋಣಿಚೀಲ ಹಾಸಿ, ಅದರ ಮೇಲೆ ಬತ್ತಿಯನ್ನು ಬೀಸಣಿಗೆಯಾಕಾರದಲ್ಲಿ ಹರಡಿದ್ದರು. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಗೋಡೆಯ ಬದಿಯ ಒಂದು ಸಾಲಿನ ಮೇಲೆ ಬಿಳಿ ಬೂಸು ಬಂದಿತ್ತು. ಬೂಸು ಬಂದ ಬತ್ತಿಯನ್ನು ಮಾಲೀಕರು ತೆಗೆದುಕೊಳ್ಳುವುದಿಲ್ಲ. ಸಾವಿರ ಬತ್ತಿಗೆ ಇಷ್ಟು ಎಂದು ಕೂಲಿ. ವಾಪಸ್ಸು ಬಂದದ್ದಕ್ಕೆ ಕೂಲಿಯಿಲ್ಲ.

ಇಲ್ಲಿರುವ ತೊಡಕನ್ನು ನೋಡಿ. ಊದುಬತ್ತಿಗೆ ಅತಿ ಹೆಚ್ಚು ಬೇಡಿಕೆ ಶ್ರಾವಣದಿಂದ ದೀಪಾವಳಿಯವರೆಗೆ. ಅದನ್ನು ಮಾಡಲು ಅತಿ ಕಷ್ಟದ ಕಾಲವೂ ಜೂನಿನಿಂದ ಸೆಪ್ಟೆಂಬರಿನವರೆಗಿನ ಮಳೆಗಾಲ. ಮಾರುವ ಋತುವೂ ಮಾಡುವ ಋತುವೂ ಒಂದಕ್ಕೊಂದು ಎದುರು. ಹಾಗಾಗಿ ಫೆಬ್ರವರಿಯಿಂದ ಮೇ ತಿಂಗಳವರೆಗಿನ ಬಿಸಿಲಿನಲ್ಲಿ ಹಸಿಬತ್ತಿ ಮಾಡಿಸಿ ಗೋದಾಮಿನಲ್ಲಿ ತುಂಬಿಸಿಡಬೇಕು. ಇದಕ್ಕೆ ಬಂಡವಾಳ ಬೇಕು, ಜಾಗ ಬೇಕು. ಅವು ಉಳ್ಳವರು ಬೇಸಿಗೆಯ ಕೂಲಿಗೆ ಮಾಡಿಸಿದ್ದನ್ನು ಹಬ್ಬದ ಬೆಲೆಗೆ ಮಾರುತ್ತಾರೆ. ಹೊಸೆಯುವ ಹೆಂಗಸರಿಗೆ ಬೇಸಿಗೆಯಲ್ಲಿ ಬಿಡುವಿಲ್ಲ, ಮಳೆಗಾಲದಲ್ಲಿ ಕೆಲಸ ಸಿಗುವುದೇ ಅಪರೂಪ. ಶಾಲೆಯ ಫೀಜು, ಹಬ್ಬದ ಖರ್ಚು ಎದುರಾಗುವುದು ಆ ಕೆಲಸವಿಲ್ಲದ ತಿಂಗಳಲ್ಲೇ. ಇತ್ತೀಚಿನ ವರ್ಷಗಳಲ್ಲಿ ಹೊಸೆಯುವ ಕೆಲಸದ ದೊಡ್ಡ ಪಾಲನ್ನು ಯಂತ್ರಗಳು ಕಸಿದುಕೊಂಡಿವೆ. ಹೊರದೇಶದ ಬತ್ತಿಯ ಪೈಪೋಟಿಯೂ ಬಂತು. 2019ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಊದುಬತ್ತಿಯ ಆಮದಿಗೆ ನಿರ್ಬಂಧ ಹೇರಿದ್ದು ಆ ಕಾರಣಕ್ಕೆ. ಅದರಿಂದ ಉದ್ಯಮಕ್ಕೆ ಉಸಿರು ಬಂದಿರಬಹುದು. ಆದರೆ ಮಳೆಗಾಲದ ನಾಲ್ಕು ತಿಂಗಳ ಪ್ರಶ್ನೆಗೆ ಅದು ಉತ್ತರವಲ್ಲ.

ಈಗ ಕೊನೆಯ ವಿಷಯ, ಹೊಸ ಹಬ್ಬಪಟ್ಟಿ. ಅದಕ್ಕೂ ಮೊದಲು ಒಂದು ಹಳೆಯ ಉದಾಹರಣೆ ಹೇಳಬೇಕು. ಬೇಡಿಕೆಯ ಏರಿಳಿತದ ಹೊಡೆತ ತಪ್ಪಿಸಿಕೊಳ್ಳಲು ನಮ್ಮ ನಾಡು ಹಿಂದೊಮ್ಮೆ ಏನು ಮಾಡಿತೆಂಬುದು ಅದರಲ್ಲಿದೆ.

ಮೊದಲ ಮಹಾಯುದ್ಧ ಶುರುವಾಗುವವರೆಗೆ ಮೈಸೂರು ಸಂಸ್ಥಾನದ ಗಂಧದ ಕೊರಡು ಹರಾಜಾಗಿ ಯುರೋಪಿಗೆ, ವಿಶೇಷವಾಗಿ ಜರ್ಮನಿಗೆ ಹೋಗುತ್ತಿತ್ತು. ಯುದ್ಧ ಬಂದು ಕೊಳ್ಳುವವರಿಲ್ಲದಂತಾಯಿತು, ಕೊರಡು ರಾಶಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರು, ವಿಶ್ವೇಶ್ವರಯ್ಯನವರು ದಿವಾನರು. ಸಂಸ್ಥಾನದ ಕೈಗಾರಿಕಾ ಅಧಿಕಾರಿ ಆಲ್ಫ್ರೆಡ್ ಚಾಟರ್ಟನ್ನರ ಮುತುವರ್ಜಿಯಲ್ಲಿ, ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವ್ಯಾಟ್ಸನ್ನರ ನೆರವಿನಿಂದ ಎಣ್ಣೆ ಇಳಿಸುವ ಪ್ರಯೋಗ ನಡೆದು, 1916ರಲ್ಲಿ ಗಂಧದೆಣ್ಣೆಯ ಉದ್ಯಮ ಆರಂಭವಾಯಿತು. 1918ರಲ್ಲಿ ಸಾಬೂನು ಬಂತು. ಅದರ ಹಿಂದಿದ್ದವರು ಸೋಸಲೆ ಗರಳಪುರಿ ಶಾಸ್ತ್ರಿಗಳು. ಮೈಸೂರು ಸ್ಯಾಂಡಲ್ ಸೋಪಿನ ಕಥೆ ನಿಮಗೆಲ್ಲ ಗೊತ್ತಿರುವುದೇ. ನಾನು ಒತ್ತಿ ಹೇಳಬೇಕೆಂದಿರುವುದು ಅದರೊಳಗಿನ ವ್ಯಾಪಾರದ ಬುದ್ಧಿಯನ್ನು. ಪರದೇಶದ ಕೆಲವೇ ಖರೀದಿದಾರರನ್ನು ನಂಬಿಕೊಂಡಿದ್ದ ಪರಿಮಳವನ್ನು ಅವರು ದಿನನಿತ್ಯದ ಸ್ನಾನಕ್ಕೆ ಸೇರಿಸಿದರು. ಸ್ನಾನಕ್ಕೆ ಆಷಾಢವಿಲ್ಲ, ಅಧಿಕ ಮಾಸವಿಲ್ಲ.

ಇವತ್ತಿನ ಮಾರುಕಟ್ಟೆ ಹಿಡಿದಿರುವುದು ಇದಕ್ಕೆ ವಿರುದ್ಧವಾದ ದಾರಿ. ದಿನವೂ ಬಳಸುವ ಶಾಂಪೂ, ಫೇಸ್‌ವಾಶ್‌ಗಳನ್ನೂ ಜನ ಮಾರಾಟಮೇಳಕ್ಕೆಂದು ಕಾದು ಕೊಳ್ಳುವಂತೆ ಮಾಡಲಾಗಿದೆ. ಬೆಂಗಳೂರಿನ ಫ್ಲಿಪ್‌ಕಾರ್ಟ್ 2014ರ ಅಕ್ಟೋಬರ್ 6ರಂದು ಬಿಗ್ ಬಿಲಿಯನ್ ಡೇ ನಡೆಸಿತು. ಅಂದಿನಿಂದ ದಸರೆ ದೀಪಾವಳಿಗೆ ಮುಂಚಿನ ಆನ್‌ಲೈನ್‌ ಮಾರಾಟ ಒಂದು ಹಬ್ಬವೇ ಆಗಿದೆ. 2012ರಲ್ಲಿ ಹುಟ್ಟಿದ ನೈಕಾ ಕಂಪನಿ ನವೆಂಬರಿನಲ್ಲಿ ಪಿಂಕ್ ಫ್ರೈಡೇ ನಡೆಸುತ್ತದೆ. ಅಮೆರಿಕದ ಥ್ಯಾಂಕ್ಸ್‌ಗಿವಿಂಗ್‌ ಮರುದಿನದ ರಿಯಾಯಿತಿ ಮಾರಾಟ ಅದಕ್ಕೆ ಮಾದರಿ. ನಮಗೆ ಆ ಹಬ್ಬವಿಲ್ಲ, ಅದರ ಮಾರಾಟ ಮಾತ್ರ ಬಂದಿದೆ. ತೆರಿಗೆಯೂ ಋತುವನ್ನು ಅಲುಗಾಡಿಸಬಲ್ಲದು. 2025ರ ಸೆಪ್ಟೆಂಬರ್ 3ರಂದು ಸಾಬೂನು, ಶಾಂಪೂ, ತಲೆಗೆಣ್ಣೆ, ಟಾಲ್ಕಂ ಪೌಡರುಗಳ ಜಿಎಸ್‌ಟಿಯನ್ನು ಶೇಕಡಾ 18ರಿಂದ 5ಕ್ಕೆ ಇಳಿಸುವುದಾಗಿ ಸರ್ಕಾರ ಪ್ರಕಟಿಸಿತು. ಜಾರಿಯಾದದ್ದು ಸೆಪ್ಟೆಂಬರ್ 22ಕ್ಕೆ, ನವರಾತ್ರಿಯ ಮೊದಲ ದಿನ. ನಡುವಿನ ಸುಮಾರು ಮೂರು ವಾರ ಅನೇಕ ಅಂಗಡಿಯವರು ಹೊಸ ಮಾಲು ಎತ್ತಲಿಲ್ಲ, ಗಿರಾಕಿಗಳೂ ತಡೆದರು. ತೆರಿಗೆ ಇಳಿದದ್ದು ಒಳ್ಳೆಯದೇ. ಆದರೆ ಹಳೆಯ ದರದ ಮಾಲು ಹಿಡಿದುಕೊಂಡಿದ್ದ ಸಣ್ಣ ಅಂಗಡಿಗಳಿಗೆ ಆ ಮೂರು ವಾರ ಬಹಳ ಉದ್ದವಾಗಿತ್ತು.

ಸಭಿಕರೇ, ಇಷ್ಟು ಹೇಳಿದ ಮೇಲೆ ಏನಾಗಬೇಕೆಂಬುದನ್ನೂ ಹೇಳಬೇಕಾದದ್ದು ನನ್ನ ಹೊಣೆ. ಮೊದಲನೆಯದಾಗಿ, ಹೂವು ಹೆಚ್ಚು ಬಂದ ದಿನ ಅದನ್ನು ಕೊಳ್ಳುವ ಸುಗಂಧಸಾರ ಘಟಕಗಳು ಹೂವಿನ ಸೀಮೆಯ ಹತ್ತಿರವೇ ಬೇಕು. ತಮಿಳುನಾಡಿನ ಮಲ್ಲಿಗೆ ಸೀಮೆಯಲ್ಲಿ ಇಂಥ ಘಟಕಗಳಿವೆ. ಅಲ್ಲಿ ಮಾಲೆಗೆ ಹೋಗದ ಹೂವಿಗೂ ಒಂದು ಬೆಲೆ ಸಿಗುತ್ತದೆ. ಸಾರ ತೆಗೆಯಲು ಒಗ್ಗುವ ಸುಗಂಧರಾಜದ ತಳಿಗಳನ್ನು ನಮ್ಮ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯೇ ಬಿಡುಗಡೆ ಮಾಡಿದೆ. ತಳಿ ನಮ್ಮಲ್ಲಿದೆ, ಬೆಳೆಗಾರರಿದ್ದಾರೆ, ಕೊಳ್ಳುವ ಘಟಕ ಕೈಗೆಟಕುವ ದೂರದಲ್ಲಿರಬೇಕು. ಎರಡನೆಯದಾಗಿ, ಊದುಬತ್ತಿ ಹೊಸೆಯುವ ಹೆಂಗಸರ ಸ್ವಸಹಾಯ ಸಂಘಗಳಿಗೆ ಎರಡು ಸೌಲಭ್ಯ ದೊರೆಯಬೇಕು. ಒಂದು, ಊರಿಗೊಂದು ಒಣಗಿಸುವ ಕೋಣೆ. ಇನ್ನೊಂದು, ಬೇಸಿಗೆಯಲ್ಲಿ ಮಾಡಿದ ಬತ್ತಿಯನ್ನು ಶ್ರಾವಣದವರೆಗೆ ತಾವೇ ಇಟ್ಟುಕೊಂಡು ಮಾರಲು ಆಗುವಷ್ಟು ಅಲ್ಪಾವಧಿ ಸಾಲ. ಬೆಳೆಸಾಲಕ್ಕೆ ಒಪ್ಪುವ ಬ್ಯಾಂಕು ಇದಕ್ಕೂ ಒಪ್ಪಬಹುದು. ದೀಪಾವಳಿ ಯಾವ ದಿನವೆಂದು ಬ್ಯಾಂಕಿಗೂ ಮೊದಲೇ ಗೊತ್ತಿರುತ್ತದೆ. ಮಳೆ ನಂಬಿದ ಬೆಳೆಗಿಂತ ಈ ಸಾಲದ ಭದ್ರತೆ ಹೆಚ್ಚೇ ಹೊರತು ಕಡಿಮೆಯಲ್ಲ.

ಮೂರನೆಯದನ್ನು ಈ ಕಾಲೇಜನ್ನೇ ಕೇಳುತ್ತೇನೆ. ಹೂವಿನ ದರ ದಿನವೂ ತೀರ್ಮಾನವಾಗುತ್ತದೆ, ಪತ್ರಿಕೆಗಳಲ್ಲಿ ಪ್ರಕಟವಾಗುತ್ತದೆ, ಮರುದಿನ ಮರೆತುಹೋಗುತ್ತದೆ. ವಾಣಿಜ್ಯ ವಿಭಾಗದ ವಿದ್ಯಾರ್ಥಿಗಳು ಆ ದರವನ್ನು ದಿನವೂ ಬರೆದಿಡಲಿ. ಪಕ್ಕದ ಅಂಕಣದಲ್ಲಿ ತಿಥಿ, ಹಬ್ಬ, ಮುಹೂರ್ತಗಳಿರಲಿ. ಇನ್ನೊಂದರಲ್ಲಿ ಆ ದಿನದ ಮಳೆ, ಮತ್ತೊಂದರಲ್ಲಿ ಕಟ್ಟೆಗೆ ಬಂದ ಹೂವಿನ ಪ್ರಮಾಣ. ಒಂದು ಅಧಿಕ ಮಾಸದಿಂದ ಮುಂದಿನ ಅಧಿಕ ಮಾಸದವರೆಗೆ ಈ ಕೆಲಸ ನಡೆದರೆ, ಯಾವ ವಾರ ಎಷ್ಟು ಗಿಡ ಸವರಬೇಕು, ಯಾವ ತಿಂಗಳಿಗೆ ಸಾಲ ಬೇಕಾಗುತ್ತದೆ ಎಂದು ಬೆಳೆಗಾರರ ಸಂಘದವರು ನಿಮ್ಮನ್ನೇ ಕೇಳಿಕೊಂಡು ಬರುತ್ತಾರೆ. ಪುಸ್ತಕ, ಪಂಚಾಂಗ, ಮಳೆಮಾಪಕ ಇವಿಷ್ಟು ಸಾಕು. ಈ ವರ್ಷವೇ ಆರಂಭಿಸುವುದಾದರೆ ನನ್ನ ಬಳಿಯಿರುವ ಹಳೆಯ ದರಪಟ್ಟಿಗಳ ಕಟ್ಟನ್ನು ನಿಮ್ಮ ಗ್ರಂಥಾಲಯಕ್ಕೆ ಒಪ್ಪಿಸಲು ಸಿದ್ಧನಿದ್ದೇನೆ.